ನಮ್ಮ ಮನೆಯ ಹೊಸ ಹಾರ್ಡ್ ಡಿಸ್ಕ್

ಅಮ್ಮನಿಗೆ ದನಿ ಇರಲಿಲ್ಲ. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದ್ದರು. ಯಾರನ್ನಾದರೂ ಕರೆಯಬೇಕಾದರೆ ಅವಳು ಸ್ಟೀಲಿನ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದಳು. ಟಣ್ ಎಂದರೆ ಬಾ ಎಂದರ್ಥ. ಬೇಡ ಎನ್ನುವುದಕ್ಕೆ ಶಬ್ದವಿರಲಿಲ್ಲ. ಅದಕ್ಕೆ ತಲೆಯಾಡಿಸುತ್ತಿದ್ದಳು, ನಾವು ಅವಳ ಕಡೆ ನೋಡಬೇಕಿತ್ತು.

ಅವಳ ದನಿ ಉಳಿದಿದ್ದದ್ದು ಒಂದು ಹಾರ್ಡ್ ಡಿಸ್ಕಿನಲ್ಲಿ. ಅಪ್ಪ ಮೊದಲು ಕ್ಯಾಮೆರಾದಲ್ಲಿ, ಆಮೇಲೆ ಫೋನಿನಲ್ಲಿ ಹಿಡಿದ ಮನೆಯ ವಿಡಿಯೊಗಳೆಲ್ಲ ಅದರಲ್ಲಿದ್ದವು. ಅಮ್ಮ ಹಾಡಿದ್ದು, ಪಕ್ಕದ ಮನೆಯವರನ್ನು ಅಣಕಿಸಿದ್ದು, "ಆ ಕ್ಯಾಮೆರಾ ಆಚೆ ಇಡ್ರೀ, ಸಾರು ಉಕ್ತಿದೆ" ಎಂದು ಗದರಿದ್ದು. ಸಂಜೆ ಅಪ್ಪ ಅದನ್ನು ಟೀವಿಗೆ ಹಾಕುತ್ತಿದ್ದ. ತನ್ನ ದನಿಯನ್ನು ತಾನೇ ಕೇಳುತ್ತ ಅಮ್ಮ ಕೂತಿರುತ್ತಿದ್ದಳು. ನನಗೆ ಅದು ಕ್ರೂರವೆನಿಸುತ್ತಿತ್ತು. ಅವಳಿಗೆ ಹಾಗೆನಿಸುತ್ತಿರಲಿಲ್ಲ. ಅಪ್ಪ ಮರೆತರೆ ಲೋಟ ಬಡಿದು ಹಾಕಿಸುತ್ತಿದ್ದಳು.

ನಾನು ಹಾಸ್ಟೆಲಿನಿಂದ ರಜೆಗೆ ಬಂದಾಗ ಆ ಡಿಸ್ಕು ಕಟಕಟ ಎನ್ನಲು ಶುರುಮಾಡಿತ್ತು. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಬಸ್ ನಿಲ್ದಾಣದ ಹಿಂದಿನ ಮಕ್ಬೂಲನ ಅಂಗಡಿಗೆ ಹೋದ. ಅಲ್ಲಿ ಬಳಸಿದ ಡಿಸ್ಕುಗಳನ್ನು ಇಟ್ಟಿಗೆಯಂತೆ ಪೇರಿಸಿದ್ದರು.

"ಸಾಯೋ ಮುಂಚಿನ ಕೆಮ್ಮು ಅಣ್ಣಾ ಇದು," ಎಂದ ಮಕ್ಬೂಲ್, ನಮ್ಮದನ್ನು ಕಿವಿಗೆ ಹಿಡಿದು. "ದೊಡ್ಡದು ಒಂದು ತಗೊಂಡು ಬೇಗ ಎತ್ತಿ ಹಾಕ್ಕೊಳ್ಳಿ."

ಅವನು ಕೊಟ್ಟದ್ದನ್ನು ಅಪ್ಪ ತಿರುಗಿಸಿ ಮುರುಗಿಸಿ ನೋಡಿದ. "ಯಾರು ಬಳಸಿದ್ದೋ ಏನೋ."

"ಸಂಬಂಧ ಬೆಳೆಸ್ತಿದ್ದೀರಾ ಅಣ್ಣಾ, ಕುಲಗೋತ್ರ ಕೇಳೋಕೆ? ಇದರಲ್ಲಿ ಒಂದೂ ಕೆಟ್ಟ ಜಾಗ ಇಲ್ಲ, ಈಗ್ಲೇ ಓಡಿಸಿ ತೋರಿಸ್ತೀನಿ. ಆದ್ರೆ ತೊಳೆದು ಕೊಡಬೇಕಂದ್ರೆ ನಾಳೆ ಬನ್ನಿ."

"ಧೂಳು ತಾನೇ, ನಾನೇ ಒರೆಸ್ಕೊಳ್ತೀನಿ."

ಮಕ್ಬೂಲ್ ಜೋರಾಗಿ ನಕ್ಕ. "ಆ ತೊಳೆಯೋದಲ್ಲ ಅಣ್ಣಾ. ಮನೆಗೆ ಹೋಗಿ ಫೋನ್ ಮಾಡಿ, ಹೇಳ್ತೀನಿ."

ನಮ್ಮ ಮನೆಗೆ ಬಂದ ವಸ್ತುಗಳೆಲ್ಲ ಇನ್ನೊಬ್ಬರ ಕೈ ದಾಟಿಯೇ ಬಂದಂಥವು. ಫ್ರಿಜ್, ಸೈಕಲ್, ನನ್ನ ಪಠ್ಯಪುಸ್ತಕ. ಆದರೆ ಹೊಸ್ತಿಲು ದಾಟಿದ ಮೇಲೆ ಯಾವುದನ್ನೂ ಹಳೆಯದು ಎನ್ನುವಂತಿರಲಿಲ್ಲ. "ನಮ್ಮನೆಗೆ ಹೊಸದಲ್ವಾ?" ಎನ್ನುತ್ತಿದ್ದ ಅಪ್ಪ. ಆ ದಿನವೂ ಅಮ್ಮನ ಗಾಯಕ್ಕೆ ಹಚ್ಚುವ ಪ್ಲಾಸ್ಟರನ್ನು ಕತ್ತರಿಸಿ, ತಂದದ್ದರ ಮೇಲೆ "ಹೊಸದು" ಎಂದೂ ಕಟಕಟಿಸುವುದರ ಮೇಲೆ "ಹಳೇದು" ಎಂದೂ ಬರೆದು ಅಂಟಿಸಿದ. ಕಂಪ್ಯೂಟರಿನಲ್ಲೂ ಅವೇ ಹೆಸರು ಕಾಣುವಂತೆ ನನ್ನಿಂದ ಮಾಡಿಸಿದ.

ಎರಡನ್ನೂ ಜೋಡಿಸಿ ನಾನು ಕಾಪಿ ಕೊಟ್ಟೆ. ಜಾಗವಿಲ್ಲ ಎಂದು ಬಂತು.

"ಹೊಸದು ತುಂಬಿದೆಯಂತೆ ಅಪ್ಪಾ. ಮಕ್ಬೂಲ್‌ಗೆ ಫೋನ್ ಮಾಡು," ಎಂದೆ. ಅಷ್ಟರಲ್ಲಿ ಒಲೆಯ ಮೇಲಿದ್ದ ಅಮ್ಮನ ಗಂಜಿ ಸೀದ ವಾಸನೆ ಬಂದು ಅಡುಗೆಮನೆಗೆ ಓಡಿದೆ.

ಆಮೇಲೆ ನಡೆದದ್ದನ್ನು ಅಪ್ಪನೇ ಹೇಳಿದ. ಏನು ತುಂಬಿದೆ ಎಂದು ಅವನು ಹೊಸದನ್ನು ತೆರೆದು ನೋಡಿದ. ಮದುವೆ, ನಾಮಕರಣ, ಅಮ್ಮ ಎಂಬ ಫೋಲ್ಡರುಗಳು ಕಂಡವು. ಎಲ್ಲರ ಮನೆಯಲ್ಲೂ ಅವೇ ಹೆಸರುಗಳಿರುತ್ತವೆ. ಮದುವೆಯೊಳಗೆ ಚಿಕ್ಕಚಿಕ್ಕ ಚಿತ್ರಗಳಲ್ಲಿ ಕೆಂಪು ಸೀರೆಯ ಮದುಮಗಳು. ಕನ್ನಡಕ ಹಾಕಿಕೊಳ್ಳದ ಅಪ್ಪನಿಗೆ ಅವಳು ಅಮ್ಮನಾಗಿಯೇ ಕಂಡಳು. ತುಂಬಿದೆ ಎಂದರೆ ನಮ್ಮದೇ ಬಂದು ತುಂಬಿದೆ ಎಂದುಕೊಂಡ. ಅವನ ಬೆನ್ನ ಹಿಂದಿನ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಅವಳ ಕಣ್ಣುಗಳು ಚೆನ್ನಾಗಿದ್ದವು.

ಸ್ಪೀಕರಿಗೆ ಹಾಕಿದ್ದ ಫೋನಿನ ಮಾತು ಅಡುಗೆಮನೆಯವರೆಗೂ ಕೇಳುತ್ತಿತ್ತು.

"ಮಕ್ಬೂಲ್, ತುಂಬಿದೆ ಅಂತ ಬಂತಪ್ಪಾ."

"ಹಂಗಾದ್ರೆ ಹಳೇದನ್ನ ತೊಳೀರಿ."

"ಹಳೇದನ್ನಾ?"

"ಹೂಂ, ಹಳೇದೇ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಅಂತ ಇರುತ್ತೆ. ಕೆಳಗೆ ಕ್ವಿಕ್ ಅಂತ ಟಿಕ್ ಇದೆಯಲ್ಲ, ತೆಗೆದುಬಿಡಿ. ಚೂರೂ ಉಳೀಬಾರದು."

ಮಕ್ಬೂಲನ ಪಾಲಿಗೆ ಹಳೇದು ಎಂದರೆ ಅವನು ಮಾರಿದ್ದು. ಸೌಟು ಹಿಡಿದು ನಿಂತ ನಾನೂ ಹಾಗೆಯೇ ಕೇಳಿಸಿಕೊಂಡೆ. ಹಾಸ್ಟೆಲಿನಲ್ಲಿ ಹಳೆಯದನ್ನು ಹಳೆಯದೆಂದೇ ಕರೆದು ರೂಢಿಯಾಗಿತ್ತು; ಅಂಗಡಿಯವನ ಬಾಯಲ್ಲಿ ಆ ಮಾತು ಕೇಳಿದಾಗ ಅಪ್ಪ ಅಂಟಿಸಿದ ಹೆಸರು ನನಗೆ ನೆನಪಾಗಲಿಲ್ಲ.

ಟಣ್.

"ಬಂದೆ ಇರು ಇಂದ್ರೀ," ಎಂದ ಅಪ್ಪ.

ಟಣ್, ಟಣ್, ಟಣ್.

"ಗಂಜಿ ತರ್ತಾಳೆ ಕಣೇ, ಎಷ್ಟು ಅವಸರ ನಿಂಗೆ!"

"ಆಯ್ತು ಅಮ್ಮಾ, ತಂದುಬಿಟ್ಟೆ," ಎಂದು ನಾನೂ ಕೂಗಿದೆ.

ಬಡಿತ ನಿಲ್ಲಲಿಲ್ಲ. ಅದರ ನಡುವೆಯೇ ಅಪ್ಪ ಫೋನಿಗೆ, "ಎಲ್ಲಾ ಅಳಿಸಿಹೋಗುತ್ತೆ, ಸರಿನಾ ಅಂತ ಕೇಳ್ತಿದೆಯಲ್ಲೋ," ಎಂದ.

"ಹೋಗ್ಲಿ ಬಿಡಿ ಅಣ್ಣಾ, ಹೋಗ್ಲಿ ಅಂತಾನೇ ಅಲ್ವಾ ಮಾಡ್ತಿರೋದು? ಓಕೆ ಒತ್ತಿ."

ಲೋಟ ಗೋಡೆಗೆ ಬಡಿದ ಸದ್ದಾಯಿತು. ನಾನು ಗಂಜಿಯ ತಟ್ಟೆ ಹಿಡಿದು ಓಡಿ ಬಂದಾಗ ಅಮ್ಮ ಎದ್ದು ನಿಂತು ಎರಡೂ ಕೈಯಲ್ಲಿ ಅಪ್ಪನ ಅಂಗಿ ಜಗ್ಗುತ್ತಿದ್ದಳು. ಬಾಯಿ ತೆರೆದಿತ್ತು. ಅದಲ್ಲ, ಅದಲ್ಲ ಎನ್ನುತ್ತಿತ್ತು ತುಟಿ. ಪರದೆಯ ಮೇಲೆ ಹಸಿರು ಪಟ್ಟಿ ಸರಿಯತೊಡಗಿತ್ತು.

ನಾನು ವೈರು ಕಿತ್ತೆ. ಹಳೇದು ಒಮ್ಮೆ ಕಟಕಟ ಎಂದು ನಿಂತಿತು. ಮತ್ತೆ ತಿರುಗಲಿಲ್ಲ.

ಮಕ್ಬೂಲ್ ಬಂದು ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದ. ದೊಡ್ಡ ಊರಿನ ಲ್ಯಾಬಿಗೂ ಕಳಿಸಿದ. ಒಳಗಿನ ತಟ್ಟೆಯೇ ಗೀರಿಹೋಗಿದೆ ಎಂದು ಅದು ವಾಪಸು ಬಂತು. "ಹಳೇದು ಅಂದೆ ಅಣ್ಣಾ, ಹಳೇದು ಅಂತಾನೇ ಅಂದೆ," ಎಂದು ಅವನು ಬಾಗಿಲಲ್ಲೇ ನಿಂತು ಹೇಳಿದ. "ಹೂಂ, ಹಳೇದನ್ನೇ ಅಳಿಸಿದೆ," ಎಂದ ಅಪ್ಪ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಒಂದು ಸಂಜೆ ಅಮ್ಮ ಲೋಟ ಬಡಿದು ಟೀವಿಯ ಕಡೆ ಕೈ ತೋರಿಸಿದಳು. ಅಪ್ಪ ಬೇರೆ ದಾರಿ ಕಾಣದೆ ಹೊಸದನ್ನು ಹಾಕಿದ. ಅಮ್ಮ ಎಂಬ ಫೋಲ್ಡರಿನಲ್ಲಿ ಯಾರೋ ಮುದುಕಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ, "ಬಂದ್ಯಾ? ಬಾಗಿಲು ಹಾಕ್ಕೊಂಡು ಬಾ, ನಾಯಿ ನುಗ್ಗುತ್ತೆ," ಎಂದಳು. ನಮ್ಮಮ್ಮ ಕಡೆಯವರೆಗೂ ಕೇಳಿದಳು. ಆಮೇಲೆ ಎರಡು ಪೆಟ್ಟು ಬಡಿದಳು. ಅಪ್ಪ ತಿರುಗಿ ಅವಳ ಮುಖ ನೋಡಿದ. ತಲೆಯಾಡಿಸುತ್ತಿದ್ದಳು.

ಅಂದಿನಿಂದ ನಮ್ಮಲ್ಲಿ ಎರಡು ಪೆಟ್ಟು ಎಂದರೆ ಬೇಡ. ಗೋಡೆಗೆ ಬಡಿದು ತಗ್ಗಾದ ಲೋಟ ಟಣ್ ಎನ್ನದೆ ಟಕ್ ಎನ್ನುತ್ತದೆ.

ಹೋದದ್ದು ಇನ್ನೂರ ಹನ್ನೆರಡು ವಿಡಿಯೊ. ಒಂಬತ್ತರಲ್ಲಿ ಅಮ್ಮ ಹಾಡಿದ್ದಳು. ಒಂದರಲ್ಲಿ ನನ್ನ ಹೆಸರು ಹಿಡಿದು ಕೂಗಿದ್ದಳು.