ಫ್ರಿಜ್ ಒರೆಸಿದವಳು ಮೆಕ್ಯಾನಿಕ್ ಆದಾಳೆಯೇ?

ನಮ್ಮ ದ್ವೀಪದ ಊರು ದಾಲ್ಕಾವೆಯಲ್ಲಿ ಬೇಸಿಗೆ ಶುರುವಾದರೆ ಮನೆಮನೆಯಲ್ಲೂ ಒಂದೇ ಗೋಳು. "ಅಯ್ಯೋ, ನಮ್ಮ ಹುಡುಗಿಗೆ ಇನ್ನೂ ಇಂಟರ್ನ್‌ಶಿಪ್ ಸಿಕ್ಕಿಲ್ಲ ಕಣೇ!" ತಾಂತ್ರಿಕ ಶಾಲೆಯ ಪಾಠ ಮುಗಿದಿರುತ್ತದೆ, ಪರೀಕ್ಷೆಯೂ ಪಾಸಾಗಿರುತ್ತದೆ. ಆದರೆ ಎಲ್ಲಾದರೂ ನಿಂತು ಕೆಲಸ ಕಲಿತು ಬಂದ ಮೇಲೆಯೇ ಡಿಪ್ಲೊಮಾ ಕೈಗೆ ಬರುವುದು. ಇಲ್ಲದಿದ್ದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಾನು ನೆಲ್ಡಾ, ಇಲ್ಲಿನ ರೇಡಿಯೊದಲ್ಲಿ ಊರವರ ಸಂದೇಶ ಓದುವವಳು. ಆಚೆ ದ್ವೀಪದಲ್ಲಿರುವ ತಮ್ಮನಿಗೆ "ಕುರಿ ಹಿಡಿದುಕೊಂಡು ಶುಕ್ರವಾರದ ದೋಣಿಗೆ ಬಾ" ಎನ್ನುವುದರಿಂದ ಹಿಡಿದು ಹುಟ್ಟು, ಸಾವು, ಮದುವೆಯ ಸುದ್ದಿಯವರೆಗೆ ಎಲ್ಲವೂ ನನ್ನ ಬಾಯಿಂದಲೇ ಹೋಗಬೇಕು. ಇವತ್ತು ಹೇಳುತ್ತಿರುವುದು ನಮ್ಮ ಪಕ್ಕದ ಮನೆಯ ಕಥೆ. ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. ಉಬಾಲ್ಡಿನಾ ಅಜ್ಜಿಯನ್ನು ಕೇಳದೆ ಅವರ ಮನೆಯ ಸುದ್ದಿ ಎತ್ತುವ ಧೈರ್ಯ ಈ ಊರಲ್ಲಿ ಯಾರಿಗೂ ಇಲ್ಲ.

ಅಜ್ಜಿಯ ಮೊಮ್ಮಗಳು ಯಾನಿರಾ. ತಾಯಿ ದೂರದ ದಕ್ಷಿಣದ ಪಟ್ಟಣದಲ್ಲಿ ಕೆಲಸದಲ್ಲಿದ್ದಾಳೆ, ಹುಡುಗಿಯನ್ನು ಸಾಕಿದ್ದು ಅಜ್ಜಿಯೇ. ಯಾನಿರಾ ಓದಿದ್ದು ಫ್ರಿಜ್ ಮತ್ತು ಕೋಲ್ಡ್ ಸ್ಟೋರೇಜ್ ರಿಪೇರಿ. ಮೀನು, ಚಿಪ್ಪುಮೀನು ನಂಬಿ ಬದುಕುವ ನಮ್ಮಂಥ ಊರಿಗೆ ಇದಕ್ಕಿಂತ ಬೇಕಾದ ವಿದ್ಯೆ ಯಾವುದಿದೆ ಹೇಳಿ! ಆದರೂ ಇಂಟರ್ನ್‌ಶಿಪ್ ಹುಡುಕಿ ಹುಡುಕಿ ಅವಳ ಶೂ ಸವೆಯಿತು. ಮೀನಿನ ಕಾರ್ಖಾನೆಯಲ್ಲಿ "ಅನುಭವ ಇದೆಯಾ?" ಎಂದರು. "ಅದಕ್ಕೇ ಬಂದಿದ್ದು" ಎಂದಳು. "ಅನುಭವ ಆದ್ಮೇಲೆ ಬಾ" ಎಂದರು. ಐಸ್ ಕಾರ್ಖಾನೆಯವರಿಗೆ ಹುಡುಗರೇ ಬೇಕಂತೆ. ಒಂದು ಹೋಟೆಲಿನವರು ಮಾತ್ರ ಸಂತೋಷದಿಂದ ಒಪ್ಪಿದರು, ಆದರೆ ಅವರಿಗೆ ಬೇಕಾಗಿದ್ದುದು ಹಾಸಿಗೆ ಹಾಸುವವಳು.

ಮೊಮ್ಮಗಳ ಸಪ್ಪೆ ಮುಖ ನೋಡಲಾಗದೆ ಅಜ್ಜಿ ತಮ್ಮ ಬ್ರಹ್ಮಾಸ್ತ್ರ ತೆಗೆದರು. ಈ ದೇಶದಲ್ಲಿ ದೇವರಿಗಿಂತ ಹೆಚ್ಚು ಜನ ನಂಬುವ ಅಸ್ತ್ರ ಅದು: ವಶೀಲಿ. ಯಾನಿರಾಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದಿದ್ದ ಧರ್ಮತಂದೆ ಎಲಿಯೊದೊರೊಗೆ ಕಾಸ್ತ್ರೊ ಪೇಟೆಯಲ್ಲಿ ಫ್ರಿಜ್ ಅಂಗಡಿ, ಅಂಗಡಿಯ ಹಿಂದೆ ರಿಪೇರಿ ಶೆಡ್ಡು. ಮಗುವಿನ ಮನೆಯವರೂ ಧರ್ಮತಂದೆಯೂ ನಮ್ಮಲ್ಲಿ ನೆಂಟರೇ, ಹೆಂಗಸಾದರೆ ಕೊಮಾದ್ರೆ, ಗಂಡಸಾದರೆ ಕೊಂಪಾದ್ರೆ ಎಂದು ಒಬ್ಬರನ್ನೊಬ್ಬರು ಕರೆಯುತ್ತಾರೆ. ಅಜ್ಜಿ ಹೊಗೆಯಲ್ಲಿ ಒಣಗಿಸಿದ ಕುರಿಮಾಂಸದ ಗಂಟು ಹಿಡಿದು ಹೋದರು, ಕೆಲಸ ಮುಗಿಸಿಕೊಂಡೇ ಬಂದರು. ಮರುದಿನ ನನ್ನ ಕೈಯಲ್ಲಿ ರೇಡಿಯೊದಲ್ಲಿ ಓದಿಸಿದರು: "ಮೊಮ್ಮಗಳಿಗೆ ದಾರಿ ತೋರಿಸಿದ ದೊನ್ ಎಲಿಯೊದೊರೊ ಅವರಿಗೆ ನಮ್ಮ ಮನೆತನ ಋಣಿ." ಸುತ್ತಲಿನ ಅಷ್ಟೂ ದ್ವೀಪಗಳಲ್ಲಿ ಜನ ಕೇಳಿದರು. ಹುಡುಗಿ ಇನ್ನೂ ಆ ಅಂಗಡಿಯ ಹೊಸ್ತಿಲು ತುಳಿದಿರಲಿಲ್ಲ.

ಶಾಲೆಯವರು ಅವಳ ಕೈಗೆ ಒಂದು ಕಾಗದ ಕೊಟ್ಟಿದ್ದರು. ಏನೇನು ಕೆಲಸ ಕಲಿಸುತ್ತೇವೆ, ಯಾರು ಕಲಿಸುತ್ತಾರೆ ಎಂದು ಅದರಲ್ಲಿ ಬರೆದು, ಅಂಗಡಿಯವರೂ ಶಾಲೆಯವರೂ ಹುಡುಗಿಯೂ ಮೊದಲೇ ಸಹಿ ಹಾಕಬೇಕು. ಅಜ್ಜಿ ಅದನ್ನು ಒಯ್ಯಲು ಬಿಡಲಿಲ್ಲ.

"ನೆಂಟರ ಮಧ್ಯೆ ಕಾಗದ ಏನೇ? ಅವನ ಮುಖಕ್ಕೆ ಹೊಡೆದ ಹಾಗಾಗುತ್ತೆ. ಎಲ್ಲಾ ಮುಗಿದ್ಮೇಲೆ ಕೊಟ್ರೆ ಕಣ್ಣು ಮುಚ್ಚಿಕೊಂಡು ಸಹಿ ಹಾಕ್ತಾನೆ ಬಿಡು."

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಬಸ್ಸಿನಿಂದ ಇಳಿಯುತ್ತಿದ್ದ ಯಾನಿರಾ ನನಗೆ ಸಿಕ್ಕಳು.

"ಏನೇ, ಕೆಲಸ ಹೆಂಗೆ ಕಲೀತಿದ್ದೀಯಾ?"

"ಭರ್ಜರಿ ಅಕ್ಕಾ. ಫ್ರಿಜ್ ಬಾಗಿಲು ಒರೆಸೋದ್ರಲ್ಲಿ ನನ್ನ ಮೀರಿಸೋರೇ ಇಲ್ಲ. ಬೆಲೆ ಚೀಟಿ ಅಂಟಿಸ್ತೀನಿ. ಗಿರಾಕಿಗಳಿಗೆ ಕಾಫಿ ಕೊಡ್ತೀನಿ, ಸಕ್ಕರೆ ಎಷ್ಟು ಅಂತ ಕೇಳೋದೂ ಕಲಿತೆ." ನಗುತ್ತಾ ಶುರು ಮಾಡಿದವಳು ಚೀಲವನ್ನು ನೆಲಕ್ಕೆ ಕುಕ್ಕಿದಳು. "ಶೆಡ್ಡಿಗೆ ಕಾಲಿಡೋಕೇ ಬಿಡಲ್ಲ ಅಕ್ಕಾ. ಹೆಣ್ಣುಮಗಳು, ಬಟ್ಟೆ ಕೊಳೆಯಾಗುತ್ತಂತೆ. ನಾಳೆ ಡಿಪ್ಲೊಮಾ ಬಂತು ಅಂತಿಟ್ಕೊ. ಯಾರೋ ಕೆಟ್ಟ ಫ್ರಿಜ್ ತಂದು ಮುಂದಿಟ್ರೆ ನಾನೇನು ಮಾಡ್ಲಿ? ಕಾಫಿ ಕೊಡ್ಲಾ?"

"ಅಜ್ಜಿಗೆ ಹೇಳಿದ್ಯಾ?"

"ಹೇಳಿದೆ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸ್ತೀಯಾ ಅಂತ ಬೈದ್ರು."

ನನಗೆ ಸಿಟ್ಟು ಬಂತು. ಭಾನುವಾರ ನಮ್ಮ ಬೀದಿಯ ರೂತ್ ಟೀಚರನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದೆ. ಆ ಶಾಲೆಯ ಮಕ್ಕಳ ಇಂಟರ್ನ್‌ಶಿಪ್ ನೋಡಿಕೊಳ್ಳುವವರು ಅವರೇ. ಅಜ್ಜಿ ಒಲೆಯ ಪಕ್ಕ ಕೂರಿಸಿ, ನಮ್ಮ ಕಡೆಯ ‘ಮಾತೆ’ ಎಂಬ ಎಲೆಯ ಬಿಸಿ ಕಷಾಯವನ್ನು ಸೋರೆಬುರುಡೆಯಲ್ಲಿ ಹೀರಲು ಕೊಟ್ಟರು. ನಾವು ಯಾಕೆ ಬಂದೆವೆಂದು ಅವರಿಗೆ ಆಗಲೇ ವಾಸನೆ ಬಡಿದಿತ್ತು.

"ಅಜ್ಜಿ, ಯಾನಿರಾ ಕಾಗದ ನನ್ನ ಕೈಗೆ ಇನ್ನೂ ಬಂದಿಲ್ಲ," ಎಂದರು ಟೀಚರ್. "ಬೇರೆ ಕಡೆ ಹುಡುಕ್ತಾ ಇದ್ದಾಳೇನೋ ಅಂತ ನಾನು ಸುಮ್ನಿದ್ದೆ. ಕಾಗದ ಇಲ್ದೆ ಮಾಡಿದ ದಿನಗಳು ಲೆಕ್ಕಕ್ಕೆ ಬರಲ್ಲ."

"ಲೆಕ್ಕಕ್ಕೆ ಬರಲ್ವಾ? ದಿನಾ ಬೆಳಿಗ್ಗೆ ಎದ್ದು ಹೋಗ್ತಾಳಲ್ಲ!"

"ಹೋಗೋದು ಬೇರೆ, ಕಲಿಯೋದು ಬೇರೆ ಅಜ್ಜಿ. ಅಲ್ಲಿ ಅವಳಿಗೆ ಕಲಿಸೋಕೆ ಒಬ್ಬರು ಅಂತ ಇರಬೇಕು. ಮಧ್ಯಾಹ್ನದ ಊಟ, ಬಸ್ಸಿನ ಖರ್ಚು ಅಂಗಡಿಯವರೇ ನೋಡ್ಕೋಬೇಕು, ಕಾನೂನೇ ಇದೆ. ಕೆಲಸದಲ್ಲಿ ಕೈಗೆ ಕಾಲಿಗೆ ಪೆಟ್ಟಾದ್ರೆ ಶಾಲೆ ಮಕ್ಕಳ ವಿಮೆ ಇದೆ. ಶಾಲೆಗೇ ಗೊತ್ತಿಲ್ದೆ ಹೋದ್ರೆ ಇದನ್ನೆಲ್ಲ ಯಾರು ಕೇಳೋದು?"

"ಓಹೋ, ಧರ್ಮತಂದೆ ಹತ್ರ ಬಸ್ಸಿನ ಖರ್ಚು ಕೇಳ್ಬೇಕಾ? ಚೆನ್ನಾಗಿ ಹೇಳಿಕೊಟ್ರಿ ಟೀಚರಮ್ಮ!"

"ಅವ್ರು ಕಲಿಸೋಕೆ ಒಪ್ಪಲಿಲ್ಲ ಅಂದ್ರೆ ಜಾಗ ಬದಲಾಯಿಸಬಹುದು. ನಾನೇ ಹುಡುಕಿಕೊಡ್ತೀನಿ."

ಅಜ್ಜಿಗೆ ಉರಿದುಹೋಯಿತು. "ರೇಡಿಯೊದಲ್ಲಿ ಊರಿಗೆಲ್ಲ ಕೇಳೋ ಹಾಗೆ ಋಣಿ ಅಂತ ಹೇಳಿಸಿದ್ದೀನಿ. ಈಗ ಆ ಋಣ ವಾಪಸ್ಸು ಅಂತಲೂ ಹೇಳಿಸ್ಲಾ? ಇವಳಿದ್ದಾಳಲ್ಲ, ಓದ್ತಾಳೆ. ಇವಳಿಗೇನು ನಾಚಿಕೆ!" ಎಂದು ನನ್ನ ಕಡೆ ಬೆರಳು ತೋರಿಸಿದರು. ಕಷಾಯದ ಸೋರೆಬುರುಡೆ ಕೆಳಗಿಟ್ಟು ನಾವಿಬ್ಬರೂ ಹೊರಟೆವು. ಬಾಗಿಲ ಸಂದಿಯಲ್ಲಿ ನಿಂತಿದ್ದ ಯಾನಿರಾ ಸರಿದು ನಮಗೆ ದಾರಿ ಬಿಟ್ಟಳು. ಆಗಲೇ ಅರ್ಧ ಬೇಸಿಗೆ ಕಳೆದಿತ್ತು. ಹೀಗೇ ಬಿಟ್ಟರೆ ಆ ಮಗುವಿಗೆ ವಿದ್ಯೆಯೂ ಇಲ್ಲ, ಡಿಪ್ಲೊಮಾವೂ ಇಲ್ಲ.

ನಮ್ಮ ಮಾತಿಗೆ ಬಗ್ಗದ ಅಜ್ಜಿಯನ್ನು ಬಗ್ಗಿಸಿದ್ದು ಅವರ ಮನೆಯ ದೊಡ್ಡ ಫ್ರೀಜರು. ಅದೇ ವಾರ ಒಂದು ಬೆಳಿಗ್ಗೆ ಅದು ಗುರ್ ಎನ್ನುವುದನ್ನು ನಿಲ್ಲಿಸಿತು. ಒಳಗೆ ಎರಡು ಕುರಿಯ ಮಾಂಸ, ಚಿಪ್ಪುಮೀನು, ಮೀನು, ಚಳಿಗಾಲಕ್ಕೆಂದು ಕೂಡಿಟ್ಟ ಬಟಾಣಿ. ಅಜ್ಜಿಯ ಕೂಗು ನಮ್ಮ ಅಡುಗೆಮನೆಗೆ ಕೇಳಿ ನಾನು ಓಡಿ ಹೋದೆ.

"ಯಾನಿರಾ! ಬಾರೇ ಬೇಗ. ಫ್ರಿಜ್ ಅಂಗಡಿಯವಳು ಮನೇಲೇ ಇರ್ಬೇಕಾದ್ರೆ ನನಗ್ಯಾಕೆ ಚಿಂತೆ!"

ಯಾನಿರಾ ಪ್ಲಗ್ ಕಿತ್ತಳು, ಹಿಂದಿನ ತಗಡು ಬಿಚ್ಚಿದಳು. ಪುಸ್ತಕದಲ್ಲಿ ಓದಿದ ಒಂದೊಂದು ಭಾಗದ ಹೆಸರನ್ನೂ ಹೇಳಿದಳು. ಆಮೇಲೆ ಅವಳ ಕೈ ಗಾಳಿಯಲ್ಲೇ ನಿಂತಿತು.

"ಮುಂದೆ?" ಎಂದರು ಅಜ್ಜಿ.

"ಗೊತ್ತಿಲ್ಲ ಅಜ್ಜಿ. ಕೆಟ್ಟಿರೋದು ಯಾವುದು ಅಂತ ಹುಡುಕೋದನ್ನ ನನಗೆ ಯಾರೂ ತೋರಿಸಿಲ್ಲ. ಹೆದರಿಕೆ ಆಗುತ್ತೆ." ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಬಾಗಿಲು ಬೇಕಾದ್ರೆ ಪಳಪಳ ಅನ್ನೋ ಹಾಗೆ ಒರೆಸಿಕೊಡ್ತೀನಿ."

ಅವಳು ಕುಹಕಕ್ಕೆ ಹೇಳಲಿಲ್ಲ, ಅಳುತ್ತಾ ಹೇಳಿದಳು. ಅಜ್ಜಿ ಮೊಮ್ಮಗಳನ್ನೇ ನೋಡುತ್ತಾ ನಿಂತರು. ನಾನೂ ಅಕ್ಕಪಕ್ಕದವರೂ ಸೇರಿ ಮಾಂಸ, ಮೀನನ್ನೆಲ್ಲ ನಮ್ಮ ನಮ್ಮ ಫ್ರೀಜರುಗಳಿಗೆ ಸಾಗಿಸುವಷ್ಟರಲ್ಲಿ ಅಜ್ಜಿ ಉಣ್ಣೆಯ ಕೋಟು ತೊಟ್ಟು ರಸ್ತೆಗೆ ಇಳಿದಿದ್ದರು. "ಆ ಟೀಚರಮ್ಮನ್ನ ಕರಿ. ಕಾಗದಾನೂ ತರ್ಲಿ. ಕಾಸ್ತ್ರೊಗೆ ಹೋಗಣ."

ಯಾನಿರಾಳೂ ಸೇರಿ ನಾವು ನಾಲ್ವರು ಅಂಗಡಿಗೆ ಕಾಲಿಟ್ಟೊಡನೆ, ಗಲ್ಲಾದಲ್ಲಿ ಕೂತಿದ್ದ ಎಲಿಯೊದೊರೊ ಎದ್ದು ಬಂದ. "ಬನ್ನಿ ಬನ್ನಿ ಕೊಮಾದ್ರೆ! ಯಾನಿರಾ, ಅಜ್ಜಿಗೆ ಕಾಫಿ ತಾರಮ್ಮ."

"ಅವಳು ತರಲ್ಲ," ಎಂದರು ಅಜ್ಜಿ. "ನೀನು ಕೂತ್ಕೊ ಕೊಂಪಾದ್ರೆ. ಒಂದು ಮಾತು ಕೇಳ್ತೀನಿ. ನಿಮ್ಮಪ್ಪ ಮಿಂಗಾ ಕರೆದಾಗ ನನ್ನ ಗಂಡ ಎತ್ತು ಹೊಡ್ಕೊಂಡು ಬಂದಿದ್ನಾ ಇಲ್ವಾ?"

ಮಿಂಗಾ ಎಂದರೆ ನಮ್ಮ ದ್ವೀಪಗಳ ಮುಯ್ಯಾಳು. ಒಬ್ಬರ ಮರದ ಮನೆಯನ್ನು ಇಡಿಯಾಗಿಯೇ ಎತ್ತುಗಳಿಂದ ಎಳೆದು ಬೇರೆ ಜಾಗಕ್ಕೆ ಸಾಗಿಸಬೇಕೆಂದರೆ ಊರೇ ಬರುತ್ತದೆ. ಕೂಲಿ ಇಲ್ಲ. ಕರೆದವರು ಹೊಟ್ಟೆ ತುಂಬ ಊಟ ಹಾಕಬೇಕು, ನಾಳೆ ತಾವೂ ಹೋಗಿ ಮುಯ್ಯಿ ತೀರಿಸಬೇಕು. ತೀರಿಸದವರ ಮನೆಗೆ ಮತ್ತೆ ಯಾರೂ ಹೋಗುವುದಿಲ್ಲ.

"ಬಂದಿದ್ರು ಕೊಮಾದ್ರೆ. ನಾವೂ ನಿಮ್ಮ ಆಲೂಗಡ್ಡೆ ಕೀಳೋಕೆ ಬಂದ್ವಲ್ಲ."

"ಬಂದ್ರಿ. ಇಲ್ಲ ಅನ್ನಲ್ಲ. ಈಗ ನನ್ನ ಮೊಮ್ಮಗಳು ನಿನ್ನ ಅಂಗಡೀಲಿ ಇಷ್ಟು ದಿನ ದುಡಿದ್ಲು. ಕೂಲಿ ಕೇಳ್ಲಿಲ್ಲ. ಅವಳಿಗೆ ಸಲ್ಲಬೇಕಾದ ಮುಯ್ಯಿ ಅಂದ್ರೆ ವಿದ್ಯೆ. ಅದೆಲ್ಲಿ ಕೊಂಪಾದ್ರೆ?"

ಎಲಿಯೊದೊರೊ ಕೆಟ್ಟ ಮನುಷ್ಯನಲ್ಲ. ಅವನ ಮುಖ ಕೆಂಪಾಯಿತು. "ಅಲ್ಲ ಕೊಮಾದ್ರೆ, ಬೇಜಾರು ಮಾಡ್ಕೋಬೇಡಿ. ಅವತ್ತು ನೀವು ಬಂದು ಏನು ಕೇಳಿದ್ರಿ? 'ಹುಡುಗೀಗೆ ಒಂದು ಸಹಿ ಬೇಕು' ಅಂದ್ರಿ. ಕೆಲಸ ಕಲಿಸು ಅಂತ ಒಂದು ಮಾತು ಹೇಳ್ಲಿಲ್ಲ. ಸಹಿಗೆ ಬಂದ ಮಗು, ಸುಮ್ನೆ ಯಾಕೆ ಗ್ರೀಸು, ಕೊಳೆ ಅಂತ ನೆರಳಲ್ಲಿ ಕೂರಿಸಿದೆ. ನಾನು ಉಪಕಾರ ಮಾಡ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ."

ಉಬಾಲ್ಡಿನಾ ಅಜ್ಜಿ ತಪ್ಪು ಒಪ್ಪಿಕೊಂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೋಟಿನ ಗುಂಡಿ ತಿರುವುತ್ತಾ ಹೇಳಿದರು, "ಹೌದು. ನಾನು ಕೇಳಿದ್ದು ಸಹೀನೇ. ತಪ್ಪು ನಂದು. ಈಗ ಕೆಲಸ ಕೇಳ್ತಾ ಇದ್ದೀನಿ."

ಟೀಚರ್ ಕಾಗದ ಚಾಚಿದರು. ಎಲಿಯೊದೊರೊ ಕನ್ನಡಕ ಹಾಕಿಕೊಂಡು ಓದಿದ. "ಇಷ್ಟೇನಾ? ಇದನ್ನ ಮೊದಲ ದಿನವೇ ತಂದಿದ್ರೆ ನನಗೂ ಗೊತ್ತಾಗ್ತಿತ್ತಲ್ಲ!" ಎಂದವನೇ ಶೆಡ್ಡಿನ ಕಡೆ ತಿರುಗಿ, "ಎರಿಬೆರ್ತೊ! ಒಬ್ಬಳಿಗೆ ಕೆಲಸ ಕಲಿಸ್ತೀಯೇನಯ್ಯಾ?" ಎಂದು ಕೂಗಿದ.

ಮುಖ್ಯ ಮೆಕ್ಯಾನಿಕ್ ಎರಿಬೆರ್ತೊ ಕೈ ಒರೆಸಿಕೊಳ್ಳುತ್ತಾ ಬಂದ. "ಕಾಫಿ ಕೊಡ್ತಾಳಲ್ಲ, ಆ ಹುಡುಗೀನಾ? ಅವಳು ದಿನಾ ಶೆಡ್ಡಿನ ಬಾಗಿಲಲ್ಲಿ ನಿಂತು ಇಣುಕ್ತಾಳೆ. ನೀವೇ ಬಿಡ್ತಿರಲಿಲ್ಲ ಯಜಮಾನ್ರೇ. ಕಳಿಸಿ, ಕಳಿಸಿ. ನನಗೂ ಒಂದು ಕೈ ಬೇಕು."

ಹಳೆಯ ದಿನಗಳು ಲೆಕ್ಕಕ್ಕೆ ಬರಲಿಲ್ಲ, ಯಾನಿರಾ ಮೊದಲಿನಿಂದ ಶುರು ಮಾಡಬೇಕಾಯಿತು. ಗೆಳತಿಯರು ಸಮುದ್ರಕ್ಕೆ ಈಜಲು ಹೋದರೆ ಇವಳು ಶೆಡ್ಡಿಗೆ ಹೋದಳು. ಅವಳಿಗೆ ಅದರ ಬೇಸರ ಚೂರೂ ಇರಲಿಲ್ಲ. ಮೊದಲ ಕೆಲಸ ಅಜ್ಜಿಯ ಫ್ರೀಜರೇ. ಎರಿಬೆರ್ತೊ ಪಕ್ಕದಲ್ಲಿ ಕೈ ಕಟ್ಟಿ ನಿಂತ, ಮುಟ್ಟಿದ್ದೆಲ್ಲ ಅವಳೇ. ಒಂದೊಂದೇ ಭಾಗ ಪರೀಕ್ಷಿಸುತ್ತಾ ಬಂದು, "ಇದು, ಮೋಟಾರು ಶುರು ಮಾಡೋ ಈ ರಿಲೇ ಸುಟ್ಟಿದೆ" ಎಂದಳು. ಹೊಸದು ಕೂರಿಸಿ ಪ್ಲಗ್ ಹಾಕಿದಾಗ ಫ್ರೀಜರು ಗುರ್ ಎಂದಿತು. ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡರು. ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇನು! ಆಮೇಲೆ ಯಾನಿರಾ ಮಸಿ ಮೆತ್ತಿದ ಕೈಯಲ್ಲೇ ಬಿಸಿ ಬಿಸಿ ಆಲೂಗಡ್ಡೆ ರೊಟ್ಟಿ ಮುರಿದಳು. ಬೇರೆ ದಿನವಾಗಿದ್ದರೆ ಅಜ್ಜಿ ಬೆನ್ನಿಗೆ ಗುದ್ದುತ್ತಿದ್ದರು. ಅವತ್ತು ಇನ್ನೊಂದು ರೊಟ್ಟಿ ಬಡಿಸಿದರು. ಕೈ ಕೆಸರಾದರೆ ಬಾಯಿ ಮೊಸರು ಎಂದು ಸುಮ್ಮನೆ ಹೇಳಿಲ್ಲ.

ಈಗ ಆಕೆಗೆ ಡಿಪ್ಲೊಮಾ ಬಂದಿದೆ. ಅನುಭವ ಇದೆಯಾ ಎಂದು ಕೇಳಿದ್ದ ಅದೇ ಮೀನಿನ ಕಾರ್ಖಾನೆಯವರು ಮತ್ತೆ ಕೇಳಿದಾಗ, ಅವಳು ಎಷ್ಟು ಹೊತ್ತು ಉತ್ತರ ಹೇಳಿದಳೆಂದರೆ ಅವರೇ ಸಾಕು ಸಾಕು ಎಂದರಂತೆ. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಕೊಟ್ಟಿದ್ದಾರೆ.

ಮೊನ್ನೆ ಮೇಲಿನ ಬೀದಿಯ ಓರ್ಫೆಲಿನಾ ಕೋಳಿಮೊಟ್ಟೆಯ ಬುಟ್ಟಿ ಹಿಡಿದು ಅಜ್ಜಿಯ ಬಾಗಿಲಿಗೆ ಬಂದಳು. "ದೊಡ್ಡಮ್ಮಾ, ನಿಮ್ಮ ಕೊಂಪಾದ್ರೆಗೆ ನಮ್ಮ ಹುಡುಗಿ ಬಗ್ಗೆ ಒಂದು ಮಾತು ಹೇಳಿ. ಇಂಟರ್ನ್‌ಶಿಪ್ಪು..."

"ಹೇಳೋಣ. ಅವಳಿಗೆ ಏನು ಕಲೀಬೇಕಂತೆ?"

"ಕಲಿಯೋದೇನು ದೊಡ್ಡಮ್ಮಾ, ಒಂದು ಸಹಿ ಸಿಕ್ಕಿದ್ರೆ..."

"ಮೊಟ್ಟೆ ಇಟ್ಟು ಹೋಗು," ಎಂದರು ಅಜ್ಜಿ. "ಹುಡುಗೀನ ಕಳಿಸು. ಏನು ಕಲೀಬೇಕು ಅಂತ ಅವಳ ಬಾಯಿಂದಲೇ ನಾನು ಕೇಳ್ಬೇಕು."

ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿಯರೇ, ನಿಮಗೂ ಇದೇ ಮಾತು. ವಶೀಲಿ ಬೇಡವೆಂದು ನಾನು ಹೇಳಿದರೆ ಯಾರು ಕೇಳುತ್ತೀರಿ? ಬಾಗಿಲು ತೆರೆಸಲು ನೆಂಟರು ಬೇಕಾದರೆ ಇರಲಿ. ಆದರೆ ಒಳಗೆ ಹೋದ ಮೇಲೆ ಮಗು ಕಲಿಯುವುದೇನು, ಕಲಿಸುವವರು ಯಾರು ಎಂದು ಮೊದಲ ದಿನವೇ ಕೇಳಿ. ಶಾಲೆಯ ಕಾಗದವನ್ನು ಮುಂಚೆಯೇ ಕೊಡಿ. ಸಂಕೋಚ ಬೇಡ, ನೆಂಟಸ್ತನ ಅದರಿಂದ ಮುರಿಯುವುದಿಲ್ಲ. ಅಂಗಡಿ, ಕಾರ್ಖಾನೆ ಇಟ್ಟಿರುವವರೇ, ಮಕ್ಕಳನ್ನು ಶೆಡ್ಡಿನ ಒಳಗೆ ಬಿಡಿ. ಕಾಫಿ ಬೇಕಾದರೆ ನೀವೇ ಕಾಯಿಸಿಕೊಳ್ಳಿ. ಮಕ್ಕಳೇ, ನಿಮ್ಮನ್ನು ಬರೀ ಒರೆಸಲು, ಗುಡಿಸಲು ಇಟ್ಟುಕೊಂಡಿದ್ದರೆ ನಿಮ್ಮ ಟೀಚರಿಗೆ ಹೇಳಿ. ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಬೇಸಿಗೆ ಮುಗಿಯಲಿ ಎಂದು ಕಾಯಬೇಡಿ. ನಾಳೆ ಬೆಳಿಗ್ಗೆಯೇ ಹೋಗಿ ಹೇಳಿ.