ಏಳನೇ ನಂಬರಿನ ಹುಡುಗಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ಬೆಡ್‌ಶೀಟಿಗೆ ಇಬ್ಬರು ಬೇಕು. ಒದ್ದೆ ಶೀಟಿನ ಎರಡು ತುದಿಗಳನ್ನು ಇಬ್ಬರೂ ಹಿಡಿದು, ಒಮ್ಮೆ ಜಾಡಿಸಿ, ಇಸ್ತ್ರಿ ಮಾಡುವ ಬಿಸಿ ರೋಲರಿನ ಬಾಯಿಗೆ ಒಂದೇ ಸಮನಾಗಿ ಕೊಡಬೇಕು. ಒಬ್ಬಳು ಅವಸರ ಮಾಡಿದರೆ ಬಟ್ಟೆ ಸೊಟ್ಟಗೆ ಒಳಗೆ ಹೋಗುತ್ತದೆ, ಇನ್ನೊಬ್ಬಳ ಬೆರಳು ಸುಡುತ್ತದೆ. ರೋಲರಿನ ಮುಂದೆ ನಿಂತವರು ಗಂಡಹೆಂಡಿರಿಗಿಂತ ಹೆಚ್ಚು ಹೊಂದಿಕೊಂಡಿರಬೇಕು ಎಂದು ಅಲ್ಲಿ ಒಂದು ಮಾತೇ ಇತ್ತು. ಅಕ್ಕನ ಎದುರು ತುದಿಯಲ್ಲಿ ನಿಲ್ಲುತ್ತಿದ್ದವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಯಂತ್ರ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಅಕ್ಕನನ್ನು ಲಾಂಡ್ರಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕಿದ್ದವಳು ಮಾತ್ರ ಮನೆ ಬಿಟ್ಟು ಹೋಗಿ ಎರಡು ವರ್ಷವಾಗುತ್ತ ಬಂದಿತ್ತು.

ತಾಯಿ ತೀರಿಕೊಂಡಾಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದ ಕೂಸು. ಅಕ್ಕ ಸೊಂಟದ ಮೇಲೆ ಹೊತ್ತು ಸಾಕಿದಳು, ಮದುವೆಯಾದಾಗ ಜೊತೆಯಲ್ಲೇ ಕರೆತಂದಳು. ಆ ಹುಡುಗಿ ನಡೆಯುವುದಕ್ಕಿಂತ ಮುಂಚೆ ನೆಗೆಯುವುದನ್ನು ಕಲಿತಿದ್ದಳು. ಅದಕ್ಕೇ ಅಕ್ಕ ಅವಳನ್ನು ಮಿಡತೆ ಎನ್ನುತ್ತಿದ್ದಳು. ಮಿಡತೆಯ ಕಾಲಿಗೆ ಫುಟ್‌ಬಾಲ್ ಸಿಕ್ಕಿತು, ದೂರದ ನಗರದ ಒಂದು ಕ್ಲಬ್ಬಿನವರು ಬಾ ಎಂದರು. ಅಕ್ಕನ ಗಂಡ, ಬ್ರೆಡ್ ಬೇಕರಿಯಲ್ಲಿ ರಾತ್ರಿ ಪಾಳಿ ಮಾಡುವವನು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ, "ಚಡ್ಡಿ ಹಾಕ್ಕೊಂಡು ಊರೆಲ್ಲ ನೋಡೋ ಹಾಗೆ ಓಡೋದಾದ್ರೆ ಹೋಗ್ಲಿ, ಮತ್ತೆ ಈ ಮೆಟ್ಟಿಲು ಹತ್ತೋದು ಬೇಡ" ಎಂದುಬಿಟ್ಟ. ಅಕ್ಕ ಇಬ್ಬರ ನಡುವೆ ನಿಂತು ತುಟಿ ಎರಡು ಮಾಡಲಿಲ್ಲ. ಮಿಡತೆ ಹೋದಳು. ಆಮೇಲೆ ಅವಳ ಫೋನ್ ನಂಬರೂ ಬದಲಾಯಿತು.

ಮೊದಲ ವರ್ಷ ಕೊನೆಯ ಒಂದು ಪಂದ್ಯವನ್ನು ಬಿಟ್ಟಿ ಚಾನೆಲಿನಲ್ಲಿ ತೋರಿಸಿದ್ದರು. ಬೆನ್ನ ಮೇಲೆ ಏಳು ಎಂಬ ಅಂಕಿ ಹೊತ್ತು ಮಿಡತೆ ಓಡುವುದನ್ನು ಅಕ್ಕ ಕಣ್ತುಂಬ ನೋಡಿದ್ದಳು. ಎರಡನೇ ವರ್ಷ ಆ ಚಾನೆಲಿನವರು ಕೈಬಿಟ್ಟರು. ಯಾವ ಕಂಪನಿಗೆ ಚಂದಾ ಕಟ್ಟಿದರೆ ತಂಗಿ ಕಾಣುತ್ತಾಳೆ ಎನ್ನುವುದೇ ಅಕ್ಕನಿಗೆ ತಿಳಿಯದಾಯಿತು. ಅದನ್ನೆಲ್ಲ ವಿಚಾರಿಸಿಕೊಂಡು ಬಂದವಳು ರೇಡಿಯೋ.

"ಮೂರಿವೆ, ಕೇಳು," ಎಂದಳು ಶೀಟು ಜಾಡಿಸುತ್ತ. "ಒಂದನೇದ್ರಲ್ಲಿ ಧಾರಾವಾಹಿ, ಸಿನಿಮಾ, ಎಲ್ಲಾ. ಚಿತ್ರ ಅಂದ್ರೆ ಕನ್ನಡಿ. ಆದ್ರೆ ಆಟ ಒಂದೂ ಇಲ್ಲ."

"ನಂಗೆ ಧಾರಾವಾಹಿ ಯಾಕೆ? ಮನೇಲೇ ನಡೀತಿದೆ."

"ಎರಡನೇದ್ರಲ್ಲಿ ಆಟ ಇದೆ, ಗಂಡಸ್ರದ್ದು. ಹೆಂಗಸ್ರು ಆಡಿದ್ದನ್ನ ಮಾರನೇ ದಿನ ಒಂದು ತುಣುಕು ತೋರಿಸ್ತಾರಂತೆ. ತಂಗಳು."

"ಮೂರನೇದು?"

"ಅದ್ರಲ್ಲಿದ್ದಾಳೆ ನಿನ್ನ ಮಿಡತೆ. ಇಡೀ ಸೀಸನ್. ಅದ್ರಲ್ಲೂ ಎರಡು ಥರ, ಉಳ್ಳೋರದ್ದು ಒಂದು, ನಮ್ಮಂಥೋರದ್ದು ಒಂದು. ನಮ್ಮದ್ರಲ್ಲಿ ಜಾಹೀರಾತು ಜಾಸ್ತಿ, ಚಿತ್ರ ಸ್ವಲ್ಪ ಮಬ್ಬು."

"ಎಷ್ಟು ಮಬ್ಬು?"

"ನಿನ್ನ ಗಂಡ ನಿದ್ದೆಗಣ್ಣಲ್ಲಿ ನಿನ್ನ ನೋಡ್ತಾನಲ್ಲ, ಅಷ್ಟು."

ಇಬ್ಬರೂ ನಕ್ಕರು, ಶೀಟು ಸೊಟ್ಟಗಾಯಿತು, ಮೇಲ್ವಿಚಾರಕಿ ಕೂಗಿದಳು. ಉಳ್ಳವರ ಚಂದಾ ಅಕ್ಕನ ಅರ್ಧ ತಿಂಗಳ ಬಾಡಿಗೆಯಷ್ಟಿತ್ತು. ಮಬ್ಬಿನದಕ್ಕಾದರೆ ಕೆಲವು ಶನಿವಾರ ಹೆಚ್ಚುವರಿ ಕೆಲಸ ಮಾಡಿದರೆ ಸಾಕು. ಅಕ್ಕ ಆ ಮಧ್ಯಾಹ್ನವೇ ಮೇಲ್ವಿಚಾರಕಿಯ ಬಳಿ ಹೋಗಿ ಶನಿವಾರದ ಓವರ್‌ಟೈಮಿಗೆ ಹೆಸರು ಕೊಟ್ಟಳು.

ಅವರದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ಅರ್ಧಕ್ಕೆ ಪರದೆ, ಪರದೆಯ ಹಿಂದೆ ಮಂಚ, ಮಂಚದ ಮೇಲೆ ಹಗಲೆಲ್ಲ ಮಲಗಿದ ಗಂಡ. ರಾತ್ರಿ ಪಾಳಿಯವನ ಮನೆಯಲ್ಲಿ ಹಗಲಿಗೆ ದನಿಯಿಲ್ಲ. ಪಾತ್ರೆ ಬಟ್ಟೆಯ ಮೇಲೆ ಇಡಬೇಕು, ಕೆಮ್ಮು ಬಂದರೆ ಬಚ್ಚಲಿಗೆ ಹೋಗಬೇಕು. ಟಿ.ವಿ. ಹಾಕಬಹುದು, ಆದರೆ ಸದ್ದು ಪೂರ್ತಿ ತೆಗೆದು. ಮದುವೆಯಾದಾಗಿನಿಂದ ಹಾಗೇ ನೋಡಿ ಅಕ್ಕನಿಗೆ ಮೂಕ ಚಿತ್ರವೇ ರೂಢಿಯಾಗಿತ್ತು. ಟಿ.ವಿ.ಗೂ ಮಾತು ಬರುತ್ತದೆ ಎನ್ನುವುದನ್ನು ಅವಳು ಹೆಚ್ಚುಕಡಿಮೆ ಮರೆತಿದ್ದಳು.

ಭಾನುವಾರ ಭಾನುವಾರ ಪಂದ್ಯ. ಹಸಿರು ಚಾಪೆಯ ಮೇಲೆ ಬಣ್ಣದ ಚುಕ್ಕೆಗಳು ಹರಿದಾಡುತ್ತಿದ್ದವು. ಹತ್ತಿರದಿಂದ ತೋರಿಸಿದಾಗಲೂ ಮುಖಗಳು ಒದ್ದೆ ಗಾಜಿನ ಆಚೆ ನಿಂತಂತೆ ಕಲಸಿಹೋಗುತ್ತಿದ್ದವು, ಅಂಕಿಯ ಮೇಲಿನ ಹೆಸರು ಒಂದು ಬಿಳಿ ಗೆರೆ ಅಷ್ಟೆ. ಆದರೆ ಏಳು ಏಳೇ. ಎತ್ತರ ಅದೇ, ಎತ್ತಿ ಕಟ್ಟಿದ ಜುಟ್ಟು ಅದೇ, ಮೈದಾನಕ್ಕೆ ಇಳಿಯುವಾಗ ಬಗ್ಗಿ ನೆಲ ಮುಟ್ಟುವುದೂ ಅದೇ. ಆಡುವವರೆಲ್ಲ ನೆಲ ಮುಟ್ಟುತ್ತಾರೆ ಎನ್ನುವುದು ಅಕ್ಕನ ಗಮನಕ್ಕೆ ಬರಲಿಲ್ಲ. ಅವಳು ನೋಡುತ್ತಿದ್ದುದು ಒಬ್ಬಳನ್ನೇ. ಏಳು ಬಿದ್ದರೆ ಇವಳ ಮಂಡಿ ಉರಿಯುತ್ತಿತ್ತು. ಏಳು ಗೋಲು ಹೊಡೆದ ದಿನ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅತ್ತಳು.

"ಆಡ್ತಿದ್ದಾಳೆ ಅಂದ್ರೆ ಉಣ್ತಿದ್ದಾಳೆ, ನಿದ್ದೆ ಮಾಡ್ತಿದ್ದಾಳೆ, ಚೆನ್ನಾಗಿದ್ದಾಳೆ," ಎಂದಳು ರೋಲರಿನ ಮುಂದೆ. ಕ್ಲಬ್ಬಿನ ನಂಬರು ಹುಡುಕಿಸಿ ಒಂದು ಸಲ ಮಾತಾಡಿಸಬೇಕು ಎಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದವಳು ಈಗ ಅದನ್ನು ಸೀಸನ್ ಮುಗಿದ ಮೇಲೆ ಎಂದು ಮುಂದಕ್ಕೆ ಹಾಕಿದಳು. ಕಣ್ಣಿಗೆ ಕಾಣುತ್ತಿರುವವಳನ್ನು ಹುಡುಕುವುದೇಕೆ?

ಒಂದು ಭಾನುವಾರ ಗಂಡ ನೀರಿಗೆಂದು ಎದ್ದು ಬಂದ. ಟಿ.ವಿ. ನೋಡಿದ, ಹೆಂಡತಿಯ ಮುಖ ನೋಡಿದ. ಅವಳು ಹೆದರಿಕೆ ಬಿಟ್ಟು, "ನೋಡ್ರೀ, ನಮ್ಮ ಹುಡುಗಿ" ಎಂದಳು ಪಿಸುಮಾತಿನಲ್ಲಿ. ಅವನು ಬಯ್ಯಲಿಲ್ಲ. ನೀರನ್ನೂ ಕುಡಿಯದೆ ಪರದೆಯ ಹಿಂದೆ ಹೋದ. ಇವನ ಮನಸ್ಸೂ ಕರಗುತ್ತಿದೆ ಎಂದು ಅಕ್ಕ ಹಿಗ್ಗಿದಳು.

ಮಿಡತೆಯ ತಂಡ ಫೈನಲಿಗೆ ಬಂತು. "ಇದೊಂದು ತಿಂಗಳು ಉಳ್ಳೋರದ್ದಕ್ಕೆ ಕಟ್ಟೇ," ಎಂದಳು ರೇಡಿಯೋ. "ಮೂಗಿನ ಮೇಲಿನ ಬೆವರು ಕೂಡ ಎಣಿಸಬಹುದಂತೆ. ಜಾಹೀರಾತೂ ಇಲ್ಲ. ತಂಗಿ ಕಪ್ ಎತ್ತೋ ಹೊತ್ತಿಗೆ ಸೋಪಿನ ಪುಡಿ ಬಂದ್ರೆ ಏನ್ ಮಾಡ್ತೀಯ?"

ಮನೆಯಲ್ಲಿ ಹೇಳಿದಾಗ ಗಂಡ ಎಂದೂ ಇಲ್ಲದಷ್ಟು ಗಡುಸಾದ. "ಈಗಿರೋದು ಕಾಣಲ್ವಾ? ಅದಕ್ಯಾಕೆ ಇನ್ನೊಂದು?"

"ಮುಖ ಕಾಣಲ್ಲ ರೀ."

"ಮುಖ ಯಾಕೆ? ಆಡೋದು ಕಾಲಲ್ಲಿ ತಾನೆ. ಬೇಡ ಅಂದ್ರೆ ಬೇಡ."

"ನಿಮ್ಮ ದುಡ್ಡು ಕೇಳ್ತಿಲ್ಲ ನಾನು."

"ದುಡ್ಡಿನ ಮಾತಲ್ಲ ಕಣೇ..." ಎಂದವನು ಅಲ್ಲಿಗೇ ನಿಲ್ಲಿಸಿ ಕೆಲಸಕ್ಕೆ ಹೊರಟುಹೋದ. ಅಕ್ಕ ಮಾರನೇ ದಿನ ರೇಡಿಯೋಳ ಕೈಯಲ್ಲಿ ಫೋನ್ ಕೊಟ್ಟು ದೊಡ್ಡ ಚಂದಾ ಕಟ್ಟಿಸಿದಳು.

ಫೈನಲಿನ ಮಧ್ಯಾಹ್ನ ಕಿಟಕಿಗೆ ಹಳೇ ಶೀಟು ಕಟ್ಟಿ, ಟಿ.ವಿ.ಯ ಗಾಜು ಒರೆಸಿ, ನೆಲದ ಮೇಲೆ ಕುಳಿತಳು. ಚಿತ್ರ ಬಂತು. ಹುಲ್ಲಿನ ಎಸಳು ಎಸಳು ಬೇರೆ ಕಾಣುತ್ತಿತ್ತು. ಬೂಟಿನ ದಾರ ಕಾಣುತ್ತಿತ್ತು. ಆಟಗಾರ್ತಿಯರು ಸಾಲಾಗಿ ನಿಂತರು, ಕ್ಯಾಮೆರಾ ಒಬ್ಬೊಬ್ಬಳ ಮುಖದ ಮುಂದೆ ನಿಂತು ನಿಂತು ಸಾಗಿತು. ಏಳರ ಮುಂದೆ ಬಂತು.

ಅಗಲ ದವಡೆ, ಹುಬ್ಬಿನ ಮೇಲೊಂದು ಹಳೆಯ ಗಾಯ, ಸಣ್ಣ ಕಣ್ಣು. ಆ ಹುಡುಗಿ ಯಾರನ್ನೋ ನೋಡಿ ನಕ್ಕಳು. ಅಕ್ಕ ಅವಳನ್ನು ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ.

ಅಂಕಿ ತಪ್ಪಿರಬೇಕು ಎಂದುಕೊಂಡಳು. ಉಳಿದ ಮುಖಗಳನ್ನು ಹುಡುಕಿದಳು, ಬದಲಿ ಆಟಗಾರ್ತಿಯರ ಬೆಂಚನ್ನು ಹುಡುಕಿದಳು. ಏಳು ತಿರುಗಿ ಓಡಿದಾಗ ಬೆನ್ನ ಮೇಲಿನ ಹೆಸರು ಬೋರ್ಡಿನಷ್ಟು ಸ್ಪಷ್ಟವಾಗಿತ್ತು. ಅದು ಬೇರೆ ಯಾರದೋ ಮಗಳ ಹೆಸರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಇಡೀ ಸೀಸನ್ ಅಕ್ಕ ಕಣ್ಣೀರು ಹಾಕಿದ್ದು ಒಬ್ಬ ಅಪರಿಚಿತಳ ಕಾಲಿಗೆ.

ಆಗ ಅವಳು ಆ ಮನೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ರಿಮೋಟ್ ಎತ್ತಿ ಸದ್ದು ಕೊಟ್ಟಳು. ಜನರ ಕೂಗು ಕೋಣೆಗೆ ನುಗ್ಗಿತು. ವೀಕ್ಷಕ ವಿವರಣೆಯವನು ಹೇಳುತ್ತಿದ್ದ: ಸೀಸನ್ನಿಗೆ ಮೊದಲು ಅಭ್ಯಾಸದಲ್ಲಿ ಮೊಣಕಾಲು ಮುರಿದುಕೊಂಡು ಹೊರಬಿದ್ದ ಆಟಗಾರ್ತಿಯ ಜಾಗಕ್ಕೆ ಬಂದವಳು ಈ ಏಳನೇ ನಂಬರು, ಎಂಥ ಅದೃಷ್ಟ ನೋಡಿ, ಹಳಬಳನ್ನು ಈಗ ಯಾರೂ ನೆನೆಯುವುದೂ ಇಲ್ಲ.

ಪರದೆ ಸರಿಯಿತು. ಗಂಡ ನಿಂತಿದ್ದ. ಸದ್ದು ಯಾಕೆ ಎಂದು ಕೇಳಲಿಲ್ಲ. ಟಿ.ವಿ.ಯ ಕಡೆ ನೋಡಲೂ ಇಲ್ಲ. ಅಕ್ಕ ಅವನ ಮುಖವನ್ನೇ ನೋಡಿದಳು.

"ನಿಮ್ಗೆ ಗೊತ್ತಿತ್ತು," ಎಂದಳು.

ಅವನು ಮಂಚದ ಅಂಚಿಗೆ ಕುಳಿತ. "ಬಂದಿದ್ಲು."

"ಎಲ್ಲಿಗೆ?"

"ಇಲ್ಲಿಗೇ. ಸೀಸನ್ ಶುರುವಾಗೋ ಮುಂಚೆ, ಒಂದು ಶನಿವಾರ ಮಧ್ಯಾಹ್ನ. ಬಾಗಿಲು ಬಡಿದ್ಲು. ಊರುಗೋಲು ಇತ್ತು. ನಾನು ನಿದ್ದೆಗಣ್ಣಲ್ಲಿದ್ದೆ ಕಣೇ. ನಿಮ್ಮಕ್ಕ ಕೆಲಸಕ್ಕೆ ಹೋಗಿದ್ದಾಳೆ, ಸಂಜೆ ಬಾ ಅಂದೆ. ಬರ್ಲಿಲ್ಲ."

"ಒಳಗೆ ಕೂರಿಸ್ಲಿಲ್ಲ?"

"ಸಂಜೆ ಬಾ ಅಂದೆನಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂದ್ಕೊಂಡೆ. ಇವತ್ತು ನಾಳೆ ಅಂತ ದಿನ ಹೋಯ್ತು. ಅಷ್ಟರಲ್ಲಿ ನೀನು ಟಿ.ವಿ. ಮುಂದೆ ಕೂತು ನಗೋಕೆ ಶುರು ಮಾಡಿದೆ. ಅಷ್ಟು ನಗ್ತಿದ್ದವಳಿಗೆ ಹೇಗೆ ಹೇಳ್ಲಿ?"

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಳು. ಹಿಂದಿನಿಂದ ಟಿ.ವಿ. ಕಿರುಚುತ್ತಲೇ ಇತ್ತು.

ಮೆಟ್ಟಿಲ ಬುಡದಲ್ಲಿ ಚಪ್ಪಲಿ ಹೊಲಿಯುವ ಅಜ್ಜ ಕೂರುತ್ತಿದ್ದ. ಭಾನುವಾರವೂ ಅವನಿಗೆ ಬಿಡುವಿಲ್ಲ. "ಅಜ್ಜಾ, ಊರುಗೋಲು ಹಿಡ್ಕೊಂಡು ಒಬ್ಬಳು ಹುಡುಗಿ ಬಂದಿದ್ಳಾ? ಬಹಳ ದಿನ ಆಯ್ತು."

"ಬಂದಿದ್ಳಲ್ಲ. ನಿಮ್ಮ ಮನೆಯವಳೇ ತಾನೆ? ಮೂಗು ನೋಡಿದ್ರೇ ಗೊತ್ತಾಗುತ್ತೆ." ಅಜ್ಜ ದಾರಕ್ಕೆ ಮೇಣ ಉಜ್ಜುವುದನ್ನು ನಿಲ್ಲಿಸಿದ. "ಕೋಲಿನ ತುದಿಯ ರಬ್ಬರು ಸವೆದು ಜಾರ್ತಿತ್ತು. ಹಳೇ ಟೈರಿಂದ ಒಂದು ಬಿಲ್ಲೆ ಕತ್ತರಿಸಿ ಹಾಕಿಕೊಟ್ಟೆ. ದುಡ್ಡು ಕೊಡೋಕೆ ಬಂದ್ಲು, ನಿಮ್ಮಕ್ಕನ ಹತ್ರ ಇಸ್ಕೋತೀನಿ ಬಿಡವ್ವಾ ಅಂದೆ. ನಕ್ಕಳು. ಇಲ್ಲೇ, ಈ ಕಲ್ಲಿನ ಮೇಲೆ ಕೂತಿದ್ಲು, ಕತ್ತಲಾಗೋವರೆಗೂ."

"ಕತ್ತಲಾಗೋವರೆಗೂ?"

"ಅಕ್ಕ ಬರ್ತಾಳೆ, ಅಕ್ಕ ಬರ್ತಾಳೆ ಅಂತಿದ್ಲು. ಆ ಶನಿವಾರ ನೀನು ಬರ್ಲೇ ಇಲ್ಲವಲ್ಲ. ದಿನಾ ದೀಪ ಹಚ್ಚೋ ಹೊತ್ತಿಗೆ ಬರೋಳು."

ಅದು ಓವರ್‌ಟೈಮಿನ ಮೊದಲ ಶನಿವಾರ. ತಂಗಿಯನ್ನು ಟಿ.ವಿ.ಯಲ್ಲಿ ನೋಡುವ ಚಂದಾಕ್ಕಾಗಿ ಅಕ್ಕ ಆ ಹೊತ್ತಿನಲ್ಲಿ ರೋಲರಿನ ಮುಂದೆ ಶೀಟಿನ ತುದಿ ಹಿಡಿದು ನಿಂತಿದ್ದಳು.

"ನನ್ನ ಗಂಡ ಕೆಲಸಕ್ಕೆ ಹೋಗೋವಾಗ ಇವಳನ್ನ ನೋಡ್ಲಿಲ್ವಾ ಅಜ್ಜಾ?"

ಅಜ್ಜ ತಲೆ ಎತ್ತಲಿಲ್ಲ. "ನೋಡದೆ ಏನು? ಅವನು ಬಾಗಿಲಿಗೆ ಬೀಗ ಹಾಕ್ಕೊಂಡು ಇಳಿದು ಬಂದ. ಈ ಹುಡುಗಿ ಕೋಲು ಊರ್ಕೊಂಡು ಎದ್ದು ನಿಂತ್ಳು, ಭಾವಾ ಅಂದ್ಳು. ಅವನು ಆ ಕಡೆ ನೋಡ್ಕೊಂಡು ಹೋದ. ಆಮೇಲೂ ಸುಮಾರು ಹೊತ್ತು ಕೂತಿದ್ಲು ಪಾಪ. ನಾನು ಗಂಟು ಕಟ್ಟೋ ಹೊತ್ತಿಗೆ ಎದ್ದು ಹೋದ್ಲು. ಅವನು ನಿಂಗೆ ಹೇಳಿರ್ತಾನೆ ಅಂದ್ಕೊಂಡೆ ಕಣವ್ವಾ. ಮನೆ ವಿಷಯ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

"ಯಾವ ಕಡೆ ಹೋದ್ಲು?"

ಅಜ್ಜ ಸೂಜಿ ಹಿಡಿದ ಕೈಯಿಂದಲೇ ತೋರಿಸಿದ. ಬಸ್ಸಿನ ಕಡೆಯಲ್ಲ. ಗೋದಾಮುಗಳಿರುವ ಕಡೆ, ರಸ್ತೆ ಉದ್ದಕ್ಕೆ ಹೋಗಿ ಊರ ಹೊರಗೆ ಮುಗಿಯುವ ಕಡೆ.

ಅಕ್ಕ ಆ ಕಡೆ ನಡೆದಳು. ಮೊದಲ ಮನೆಯ ಬಾಗಿಲು ತಟ್ಟಿ ಕೇಳಿದಳು. ಇಲ್ಲ ಎಂದರು. ಸೈಕಲ್ ಅಂಗಡಿಯವನು, "ಯಾವಾಗ? ಅಯ್ಯೋ, ನಿನ್ನೆ ಬಂದೋರೇ ನೆನಪಿಲ್ಲ ಅಕ್ಕಾ" ಎಂದ. ಒಬ್ಬ ಮುದುಕಿ, ಕೋಲು ಹಿಡಿದವಳನ್ನು ನೋಡಿದ ಹಾಗಿದೆ ಎಂದಳು, ಆಮೇಲೆ ಅದು ಗಂಡಸು ಎಂದಳು. ಅಕ್ಕ ನಿಲ್ಲಲಿಲ್ಲ. ಕೇಳುವ ಮಾತು ಒಂದೇ, ಸಿಗುವ ಉತ್ತರವೂ ಒಂದೇ, ಆದರೂ ಒಂದು ಬಾಗಿಲನ್ನೂ ಬಿಡಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಗಂಡ ಮಲಗಿದ್ದ ಬಟ್ಟೆಯಲ್ಲೇ ಬಂದಿದ್ದ. ಹತ್ತಿರ ಬರುವ ಧೈರ್ಯವಾಗದೆ ರಸ್ತೆಯ ಆಚೆ ಬದಿ ಹಿಡಿದ. ಅಲ್ಲಿಯ ಒಂದು ಬಾಗಿಲು ತಟ್ಟಿದ. "ನನ್ನ ನಾದಿನಿ ರೀ. ಕಾಲಿಗೆ ಪೆಟ್ಟಾಗಿತ್ತು. ಈ ಕಡೆ ಬಂದಿದ್ಲಾ?" ಎಂದು ಕೇಳುವ ಅವನ ದನಿ ಈಚೆ ಬದಿಗೂ ಬಂತು. ಬಾಗಿಲಲ್ಲಿದ್ದವಳು ಏನೋ ಹೇಳಿದಳು. ಅವನು ಅಕ್ಕನ ಕಡೆ ತಿರುಗಿ, ಇಲ್ಲವಂತೆ ಎಂದು ತಲೆಯಾಡಿಸಿ ಮುಂದಿನ ಮನೆಗೆ ಹೋದ.

ಅಕ್ಕ ಒಂದು ಗಳಿಗೆ ನಿಂತಳು. ಆಮೇಲೆ ರಸ್ತೆ ದಾಟಿ, ಅವನು ಈಗಷ್ಟೇ ಬಿಟ್ಟುಬಂದ ಬಾಗಿಲನ್ನು ತಾನೇ ಮತ್ತೆ ತಟ್ಟಿದಳು.