ಕುಲ್ಫಿ ಡಬ್ಬದಲ್ಲಿ ಬಂದ ಮದ್ದು

ಮಗಳು ವಿದ್ಯಾಶ್ರೀಗೆ ಎಂಟು ತಿಂಗಳು ತುಂಬುವ ಮೊದಲೇ ತರೀಕೆರೆಯ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು. ಗಂಡು ಕೂಸು. ಉಸಿರೆಳೆದಾಗಲೆಲ್ಲ ಎದೆಗೂಡು ಒಳಕ್ಕೆ ಕುಸಿಯುತ್ತಿತ್ತು, ಬಿಡುವಾಗ ನರಳುತ್ತಿತ್ತು. ಶ್ವಾಸಕೋಶದ ಸಣ್ಣ ಚೀಲಗಳು ಅಂಟಿಕೊಳ್ಳದಂತೆ ಒಳಗೊಂದು ಜಿಡ್ಡು ಇರಬೇಕಂತೆ. ಬೇಗ ಹುಟ್ಟಿದ ಕೂಸಿಗೆ ಅದು ಸಾಲದು, ಕೊಳವೆ ಹಾಕಿ ಅಂಥದೇ ಮದ್ದು ಬಿಡಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದರು. ಸರ್ಫ್ಯಾಕ್ಟೆಂಟ್ ಎಂದು ಅದರ ಹೆಸರು. ಅಲ್ಲಿ ಅದು ಮುಗಿದಿತ್ತು. ವಿಚಾರಿಸಿದಾಗ ಕಡೂರಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಇದೆಯೆಂದರು.

ನಮ್ಮ ಯಜಮಾನರು ಈರಭದ್ರಪ್ಪ ಅಜ್ಜಂಪುರದಲ್ಲಿ ಕುಲ್ಫಿ ಮಾರುವವರು. ಅಂದು ಸಾಮಾನಿಗೆಂದು ಕಡೂರಿಗೇ ಹೋಗಿದ್ದರು. ಫೋನ್ ಮಾಡಿ, ಮದ್ದು ತನ್ನಿ, ತಣ್ಣಗೇ ಇರಬೇಕಂತೆ ಎಂದೆ.

ತಂದರು, ಕುಲ್ಫಿ ಡಬ್ಬದಲ್ಲಿ. ನರ್ಸ್ ಮೆಹನಾಜ್ ಐಸಿನೊಳಗಿಂದ ಸೀಸೆ ತೆಗೆದು ಅಲ್ಲಾಡಿಸಿದಳು. ಹಾಲಿನಂತೆ ತುಳುಕಬೇಕಾದದ್ದು ಕಲ್ಲಾಗಿತ್ತು.

"ಐಸಿಗೆ ಉಪ್ಪು ಹಾಕಿದ್ರಾ?" ಎಂದೆ.

"ಹಾಕ್ದೆ ಇರ್ತೀನಾ? ಐಸ್ ಸಾಲ್ದೆ ಮದ್ದು ಕೆಡ್ಸೀಯ ಅಂದ ಅಂಗಡಿಯೋನು. ತಣ್ಣಗಿಡೋದು ನನ್ ಕಸುಬಲ್ವೇನೇ?"

ಉಪ್ಪು ಬೆರೆತರೆ ಐಸಿನ ಶೀತ ಏರುತ್ತದೆ. ಕುಲ್ಫಿ ಕಟ್ಟುವುದೇ ಹಾಗೆ. ಒಮ್ಮೆ ಹೆಪ್ಪುಗಟ್ಟಿದರೆ ಈ ಮದ್ದು ಕೆಟ್ಟಿತು, ಕರಗಿಸಿದರೂ ಕೂಸಿಗೆ ಬಿಡುವಂತಿಲ್ಲ ಎಂದರು ಡಾಕ್ಟರು. ಮದ್ದಿನ ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದೇ ಇತ್ತಂತೆ. ಓದಬಲ್ಲ ಅಂಗಡಿಯವನು ಹೇಳಲಿಲ್ಲ, ಓದಲಾರದ ಇವರು ಕೇಳಲಿಲ್ಲ.

ಅಷ್ಟಾದರೂ ಇವರು ಬಿಡಲಿಲ್ಲ. ಹಾಲು ಕರಗುವುದಿಲ್ಲವೇ, ಬೆಣ್ಣೆ ಕರಗುವುದಿಲ್ಲವೇ ಎಂದು ಡಾಕ್ಟರ ಜೊತೆಗೇ ವಾದ ಹೂಡಿದರು.

"ಕೂಸಿನ ಎದೆಗೆ ಬಿಡೋದು ಕಣ್ರೀ ಅದು," ಎಂದೆ. "ಕಡ್ಡಿ ಸಿಗ್ಸಿ ಮಾರೋದಲ್ಲ."

ಅಳಿಯ ಶಶಿಧರ ಇನ್ನೊಂದು ಸೀಸೆಗೆಂದು ಬೈಕಿನಲ್ಲಿ ಶಿವಮೊಗ್ಗಕ್ಕೆ ಓಡಿದ. ಕೂಸಿನ ಮೂಗಿಗೆ ಆಕ್ಸಿಜನ್ ಕೊಟ್ಟು ಕಾದೆವು. ಬಾಗಿಲಾಚೆಯ ನರಳಾಟ ಒಮ್ಮೊಮ್ಮೆ ನಿಲ್ಲುತ್ತಿತ್ತು, ಆಗ ನನ್ನ ಜೀವವೂ ನಿಲ್ಲುತ್ತಿತ್ತು. ಇವರು ಮಾತ್ರ ಬೆಂಚಿನ ಮೇಲೆ ಕೂತವರಿಗೆಲ್ಲ ಐಸಿಗೆ ಎಷ್ಟು ಉಪ್ಪು ಬೇಕೆಂದು ವಿವರಿಸುತ್ತಿದ್ದರು. ನನಗೆ ತಾಳ್ಮೆ ಜಾಸ್ತಿ ಅನ್ನುತ್ತಾರೆ ಜನ. ಅಂದು ಹಲ್ಲು ಕಚ್ಚಿ ದವಡೆ ನೋಯಿತು.

ಶಶಿಧರ ಬಂದ. ಕೂಸಿಗೆ ಬಿಡುವ ಮೊದಲು ಮದ್ದಿನ ತಣುಪು ಬಿಡಿಸಬೇಕಂತೆ, ಮೆಹನಾಜ್ ಆ ಸೀಸೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡತೊಡಗಿದಳು.

"ಅಯ್ಯೋ, ಬಿಸಿ ಆಯ್ತದೆ ಕಣವ್ವಾ," ಎಂದು ಇವರು ಎದ್ದರು. ಅಂಗಿ ಹಿಡಿದು ಕೂರಿಸಿದೆ.

ಮದ್ದು ಬಿಟ್ಟರು. ಸ್ವಲ್ಪ ಹೊತ್ತಿಗೆ ಒಳಗೆ ಕರೆದು ತೋರಿಸಿದರು. ತುಟಿಗೆ ಬಣ್ಣ ಬಂದಿತ್ತು, ಎದೆ ಮೊದಲಿನಷ್ಟು ಕುಸಿಯುತ್ತಿರಲಿಲ್ಲ. ಆದರೂ ಕೂಸು ತುಂಬ ದಣಿದಿದೆ, ಉಸಿರಿನ ಯಂತ್ರ ಬೇಕಾಗಬಹುದು, ಶಿವಮೊಗ್ಗಕ್ಕೆ ಒಯ್ಯಿರಿ ಎಂದರು ಡಾಕ್ಟರು.

"ಮೊದಲ್ನೇ ಸೀಸೆ ಸರಿ ಇದ್ದಿದ್ರೆ ಇದೆಲ್ಲಾ ಬೇಕಾಗ್ತಿರ್ಲಿಲ್ವಾ?" ಇವರು ಮೆಲ್ಲಗೆ ಕೇಳಿದರು.

ಹೇಳಲಾಗದು ಎಂದು ಡಾಕ್ಟರು ಒಳಗೆ ಹೋದರು. ಇವರು ನನ್ನ ಮುಖ ನೋಡಿದರು.

ಆಂಬುಲೆನ್ಸಿನಲ್ಲಿ ಕೂಸಿನೊಂದಿಗೆ ಒಬ್ಬರಿಗೆ ಮಾತ್ರ ಜಾಗ. ನಾನು ಹತ್ತಿದೆ.

"ನೀವು ಮಗಳ ಹತ್ರ ಇರಿ," ಎಂದೆ. "ಅವಳು ಕೇಳಿದ್ರೆ ಕೂಸು ಉಸಿರಾಡ್ತೈತೆ ಅನ್ನಿ. ಅಷ್ಟೇ ಅನ್ನಿ."